ಕಿಕ್ಕರ್ ಇಲ್ಲದ ಗಾಡಿ

ಹಳೆ ಗಾಡಿ ಕೆಟ್ಟರೆ ನಮ್ಮ ಕೇರಿಯಲ್ಲೇ ರಿಪೇರಿಯಾಗುತ್ತಿತ್ತು. ಕಾರ್ಬುರೇಟರ್ ಬಿಚ್ಚಿ, ಜೆಟ್ಟಿಗೆ ಗಾಳಿ ಊದಿ, ಚೋಕ್ ಎಳೆದು ನಾಲ್ಕು ಒದೆ ಒದ್ದರೆ ವರ್ಷಗಟ್ಟಲೆ ಮಲಗಿದ್ದ ಗಾಡಿಯೂ ಕೆಮ್ಮಿಕೊಂಡು ಏಳುತ್ತಿತ್ತು. ಸ್ಕೂಲಿನ ಮುಖ ನೋಡದ ನಮ್ಮ ಚಿಕ್ಕಪ್ಪನಿಗೆ ಈ ವಿದ್ಯೆ ಕೈಗೆ ಹತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂತು. ಹೊಗೆ ಕಡಿಮೆಯಾಗಬೇಕು, ಸರಿ; ಹೊಗೆ ಕುಡಿಯುವವರೂ ನಾವೇ ತಾನೆ? ಆದರೆ ಅದರ ಜೊತೆಗೇ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಚಿಕ್ಕಪ್ಪನ ವಿದ್ಯೆಗೆ ಬೀಗ ಬಿತ್ತು.

ಹಿರೇಗುಂಟನೂರಿನಲ್ಲಿ ನಮ್ಮಕ್ಕನ ಕೊಟ್ಟಿಗೆಯೊಳಗೆ ಇಂಥದೊಂದು ಗಾಡಿ ಹದಿನಾಲ್ಕು ತಿಂಗಳು ನಿಂತಿತ್ತು. ಕೊಂಡ ಮಗ ಕೆಲಸ ಹುಡುಕಿ ಬೆಂಗಳೂರಿಗೆ ಹೋದ. ಗಾಡಿ ನಿಂತರೂ ಕಂತು ನಿಲ್ಲಲಿಲ್ಲ. ಈಗ ಮಗಳಿಗೆ ದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲ. ಗಾಡಿ ಎದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಷೋರೂಮಿನವರು ಫೋನಿನಲ್ಲೇ ತೀರ್ಪು ಕೊಟ್ಟರು: ಲಗೇಜ್ ಆಟೋದಲ್ಲಿ ಹಾಕ್ಕೊಂಡು ಬನ್ನಿ, ಬ್ಯಾಟರಿ, ಪಂಪು, ಇಂಜೆಕ್ಟರ್ ಎಲ್ಲಾ ಹೋಗಿರುತ್ತೆ. ನೋಡದೆ ಹೇಳಿದ ಆ ಲೆಕ್ಕ ಅಕ್ಕನ ಎರಡು ತಿಂಗಳ ಕೂಲಿ. “ಮಾರಿಬಿಡಾನ ಬಿಡಪ್ಪ” ಅಂದಳು ಅಕ್ಕ.

ಇದರಲ್ಲಿ ಮಂತ್ರ ಏನೂ ಇಲ್ಲ ಗೆಳೆಯರೆ. ಟ್ಯಾಂಕಿನೊಳಗೆ ಮುಳುಗಿರುವ ಒಂದು ಕರೆಂಟಿನ ಪಂಪು ಪೆಟ್ರೋಲನ್ನು ಒತ್ತಡದಿಂದ ಇಂಜೆಕ್ಟರಿಗೆ ನೂಕುತ್ತದೆ. ಎಷ್ಟು ಚಿಮ್ಮಿಸಬೇಕೆಂದು ಇಸಿಯು ಎಂಬ ಪೆಟ್ಟಿಗೆ ಹೇಳುತ್ತದೆ. ಎರಡಕ್ಕೂ ಉಸಿರು ಬ್ಯಾಟರಿ. ಅದು ಪೂರ್ತಿ ಸತ್ತಿದ್ದರೆ ಊರೆಲ್ಲ ಸೇರಿ ತಳ್ಳಿದರೂ ಇಂಥ ಗಾಡಿ ಏಳುವುದು ಕಷ್ಟ. ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ಇರಬೇಕು. ಮೀಟರ್ ಹಿಡಿದರೆ ನಮ್ಮದು ಒಂಬತ್ತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಹಿಡಿಯಲಿಲ್ಲ, ಹೊಸದನ್ನೇ ತಂದೆವು. ಷೋರೂಮಿನ ಮಾತಿನಲ್ಲಿ ಅಷ್ಟು ಮಾತ್ರ ನಿಜ.

ಆಮೇಲೆ ಪೆಟ್ರೋಲು. ಈಗ ಅದರಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಅದರ ಜೊತೆ ಕೂಡಿ, ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಪಂಪು ಹೀರುವುದೂ ತಳದಿಂದಲೇ. ನಮ್ಮ ಟ್ಯಾಂಕು ಹಳೆ ವಾರ್ನಿಷಿನಂತೆ ನಾರುತ್ತಿತ್ತು. ಕೆಳಗೆ ಕಾಕ್ ಇಲ್ಲ, ಹಾಗಾಗಿ ಮೇಲಿನಿಂದ ಕೊಳವೆ ಇಳಿಸಿ ಕೈಪಂಪಿನಲ್ಲಿ ಎಳೆದೆವು. ಬಾಯಿ ಹಾಕಿ ಎಳೆಯುವ ಚಟ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ, ಪೆಟ್ರೋಲು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಮೂಲ. ತೆಗೆದದ್ದನ್ನು ಬಾಟಲಿಯಲ್ಲಿ ನಿಲ್ಲಿಸಿದಾಗ ತಳದಲ್ಲಿ ಗೆರೆ ಕೊರೆದಂತೆ ಬೇರೊಂದು ಪದರ ಕಂಡಿತು.

ಏರ್ ಫಿಲ್ಟರಿನ ಡಬ್ಬಿಯಲ್ಲಿ ಶೇಂಗಾ ಸಿಪ್ಪೆ, ಸೈಲೆನ್ಸರಿನ ಬಾಯಲ್ಲಿ ಕಣಜದ ಮಣ್ಣುಗೂಡು, ಸೀಟಿನಡಿ ಇಲಿ ಕಡಿದ ಒಂದು ವೈರು. ಇಲ್ಲಿಂದ ಚಿಕ್ಕಪ್ಪ ತಾನೇ ಮುಂದೆ ಬಂದ. ವೈರು ಕೂಡಿಸಿ ಟೇಪು ಸುತ್ತಿದ. ಪ್ಲಗ್ ಬಿಚ್ಚಿ ಒರೆಸಿ ಹಾಕಿದ. ಹೊಸ ಪೆಟ್ರೋಲು ಸುರಿದ ಮೇಲೆ ಹುಡುಗಿಗೆ, “ಸೆಲ್ಫ್ ಒತ್ತಬ್ಯಾಡ ತಾಯಿ, ಕೀ ತಿರುಗ್ಸಿ ಸುಮ್ನೆ ಕಿವಿಗೊಡು” ಅಂದ. ಜುಂಯ್ ಅಂತ ಎರಡು ಮೂರು ಕ್ಷಣ ಪಂಪು ಹಾಡಿತು. ಹೀಗೆ ಮೂರು ಸಲ ಕೀ ಹಾಕಿ ತೆಗೆದದ್ದು ಪೈಪಿನಲ್ಲಿ ಒತ್ತಡ ತುಂಬಲಿ ಎಂದು. ಆಮೇಲೆ ಸೆಲ್ಫ್, ಒಂದೊಂದು ಸಲಕ್ಕೆ ಐದೇ ಕ್ಷಣ, ನಡುವೆ ಬಿಡುವು. ನಾಲ್ಕನೇ ಸಲಕ್ಕೆ ಎದ್ದಿತು, ಬಿಳಿ ಹೊಗೆ ಕಾರುತ್ತಾ.

ಆದರೆ ಇಂಜಿನ್ನಿನ ಹಳದಿ ದೀಪ ಆರಲಿಲ್ಲ. ಲೆಕ್ಕ ಹಾಕಿದಂತೆ ಮಿಣುಕುತ್ತಿತ್ತು. ಕೆಲವು ಗಾಡಿಗಳಲ್ಲಿ ಆ ಮಿಣುಕೇ ಅಂಕಿ, ಅಂಕಿಯೇ ಕಾಯಿಲೆಯ ಹೆಸರು. ಅರ್ಥ ಇರುವುದು ಮಾತ್ರ ಸರ್ವಿಸಿನವರ ಪುಸ್ತಕದಲ್ಲಿ, ಕೊಂಡವರ ಕೈಗೆ ಕೊಡುವ ಪುಸ್ತಕದಲ್ಲಿ ಅಲ್ಲ. ಓದಬಾರದ ಪುಸ್ತಕ ನಮ್ಮ ಜನಕ್ಕೆ ಹೊಸದೇನಲ್ಲ ಬಿಡಿ. ಚಿಕ್ಕಪ್ಪ ಇಲಿ ಕಡಿದ ವೈರಿನ ದಾರಿಯನ್ನೇ ಹಿಡಿದು ಹೋದ. ಸೆನ್ಸರಿನ ಸಾಕೆಟ್ಟಿನಲ್ಲಿ ಕಿಲುಬು ಕಟ್ಟಿತ್ತು. ಉಜ್ಜಿ ಕೂರಿಸಿ ಮತ್ತೆ ಎಬ್ಬಿಸಿದಾಗ ದೀಪ ಆರಿತು.

ನಮ್ಮ ಹಿರೀಕರು ಚಪ್ಪಲಿ ಕೈಲಿ ಹಿಡಿದು ನಡೆದ ಬೀದಿಗಳಿವೆ. ಹುಡುಗಿ ಗಾಡಿಯನ್ನು ಊರ ನಡುವಿನಿಂದಲೇ ಒಂದು ಸುತ್ತು ಹೊಡೆಸಿ ತಂದಳು. ಬ್ರೇಕು ಕಚ್ಚುತ್ತೆ, ಚೈನು ಕಿರುಗುಟ್ಟುತ್ತೆ ಅಂದಳು. ಇಂಜಿನ್ ಆಯಿಲು ನಾಳೆ ಬದಲಾಗಬೇಕು. ಬಿರುಕು ಬಿಟ್ಟ ಹಿಂದಿನ ಟಯರಿಗೆ ಅಕ್ಕ ಸಂಘದಲ್ಲಿ ಸಾಲ ಕೇಳಿದ್ದಾಳೆ.