ಬಿಟ್ಟ ಸ್ಥಳ ತುಂಬಿರಿ

ಮೂವತ್ತೈದು ವರ್ಷಗಳ ಕಾಲ ಶಾಲಾಮಕ್ಕಳಿಗೆ ಪಾಠ ಹೇಳಿದವನು ನಾನು. ‘ಬಿಟ್ಟ ಸ್ಥಳ ತುಂಬಿರಿ’ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ, ಆ ಲೆಕ್ಕ ದೇವರಿಗೇ ಗೊತ್ತು. ಉತ್ತರ ಬಾರದ ಹುಡುಗನ ಕಿವಿಯನ್ನು ಮೆಲ್ಲನೆ ಹಿಂಡಿದ್ದೂ ಉಂಟು. ಆದರೆ ನಿವೃತ್ತನಾಗಿ ಮೂಡುಬಿದಿರೆಯ ಮನೆಯಲ್ಲಿ ಕಾಲು ಚಾಚಿ ಕುಳಿತ ಮೇಲೆ, ನನಗೇ ಉತ್ತರ ಹೊಳೆಯದಂತಹ ಬಿಟ್ಟ ಸ್ಥಳವೊಂದು ಜಗಲಿಯೇರಿ ಬಂದೀತೆಂದು ನಾನು ಎಣಿಸಿರಲಿಲ್ಲ.

2025ರ ಆಟಿ ತಿಂಗಳು. ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಮುಂಚಿತವಾಗಿ ತಿಳಿಸದೆ ಬಂದಿಳಿದ. ಊಟವಾದ ಮೇಲೆ ಲಕೋಟೆಯೊಳಗಿನಿಂದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟ. ಅದು ಜನನ ಪ್ರಮಾಣಪತ್ರದ ನಕಲು. ಹೆಣ್ಣುಮಗು, ಹುಟ್ಟಿ ಒಂಬತ್ತು ತಿಂಗಳಾಗಿದ್ದಿತು. ತಾಯಿಯ ಹೆಸರಿದ್ದಿತು. ಮಗುವಿನ ಹೆಸರಿನ ಸ್ಥಳ ಖಾಲಿ. ತಂದೆಯ ಹೆಸರಿನ ಸ್ಥಳವೂ ಖಾಲಿ.

“ಮಾವ, ಆ ಎರಡನೆಯ ಸ್ಥಳದಲ್ಲಿ ಇರಬೇಕಾದದ್ದು ನನ್ನ ಹೆಸರು,” ಎಂದ.

ಸ್ವಲ್ಪ ಹೊತ್ತು ಮಳೆಯ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಅನಂತರ ಒಂದೊಂದಾಗಿ ಸಂಗತಿ ಹೊರಬಿದ್ದಿತು. ಆಕೆ ಬೆಳ್ತಂಗಡಿಯವಳು, ಅವನೊಂದಿಗೇ ಕೆಲಸದಲ್ಲಿದ್ದವಳು. ಮದುವೆಯ ಮಾತು ನಡೆದು ಮುರಿದಿದ್ದಿತು. ಆಕೆ ತುಂಬು ಬಸುರಿಯಾಗಿ ತಾಯಿಯ ಮನೆಗೆ ಹೊರಟಾಗ ಇವನು ಬಸ್ಸಿನವರೆಗೂ ಹೋಗಿರಲಿಲ್ಲ. ಈಗ ಮಗುವಿನ ಚಿತ್ರವನ್ನು ಯಾರೋ ತೋರಿಸಿದ್ದರು, ಅಂದಿನಿಂದ ನಿದ್ರೆಯಿಲ್ಲ.

“ಮದುವೆಯಾಗಲಿಲ್ಲ, ನಿಜ. ಆದರೆ ತಂದೆಯೆಂಬ ಹಕ್ಕು ನನಗಿಲ್ಲವೇ? ಕಾನೂನಿನಲ್ಲಿ ಏನಿದೆ, ನೀವೇ ನೋಡಿ ಹೇಳಿ ಮಾವ.”

ವಾಚಕರು ಗಮನಿಸಬೇಕು. ಅವನು ಕೇಳಿದ್ದು ತಂದೆಯ ಹಕ್ಕನ್ನು, ಕೇಳಿದ್ದು ಸೋದರಮಾವನೊಡನೆ! ನಮ್ಮ ತುಳುನಾಡಿನಲ್ಲಿ ಇದಕ್ಕಿಂತ ಸೋಜಿಗದ ಸನ್ನಿವೇಶ ಬೇರೆ ಇರಲಾರದು. ನಮ್ಮದು ಅಳಿಯಸಂತಾನದ ಮನೆ. ಬಳಿ ತಾಯಿಯದು, ವಂಶ ತಾಯಿಯದು, ಆಸ್ತಿ ಕುಟುಂಬದ್ದು, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಇದೇ ಕಟ್ಟಿನಲ್ಲಿ ಆಳಿದವರು. ಉಳ್ಳಾಲದಲ್ಲಿ ಚೌಟವಂಶದ ಅಬ್ಬಕ್ಕ ರಾಣಿಯಾಗಿ ಮೆರೆದದ್ದೂ ಇದೇ ಕಟ್ಟಿನ ಬಲದಿಂದ. ಇಂತಹ ಮನೆಗಳಲ್ಲಿ ತಂದೆ ಯಾರೆಂದು ತಿಳಿದಿರಲಿಲ್ಲವೆಂದಲ್ಲ; ಆ ಹೆಸರಿನ ಮೇಲೆ ಮಗುವಿನ ಅನ್ನ ನಿಂತಿರಲಿಲ್ಲ, ಅಷ್ಟೆ.

ಹುಟ್ಟುಸಾವುಗಳ ಲೆಕ್ಕವೂ ಹಾಗೆಯೇ ಮನೆಯವರ ಬಾಯಲ್ಲಿ ಇರುತ್ತಿದ್ದಿತು. ನನ್ನ ತಾಯಿ ಬಂಟ್ವಾಳದ ಬಳಿ ನೇತ್ರಾವತಿಯ ದಂಡೆಯ ಮನೆಯಲ್ಲಿ ಹುಟ್ಟಿದವರು. ಯಾವಾಗ ಎಂದು ಕೇಳಿದರೆ ಅಜ್ಜಿ, “ಮಾರಿಬೊಳ್ಳದ ವರ್ಷ, ನೀರಿಳಿದ ಎಂಟನೆಯ ದಿನ” ಎನ್ನುತ್ತಿದ್ದರು. ಅಂದರೆ ಪೇಟೆಯನ್ನೇ ಮುಳುಗಿಸಿದ 1923ರ ಮಹಾಪ್ರವಾಹ. ಜನನ ಮರಣಗಳನ್ನು ಬರೆದಿಡಬೇಕೆಂಬ ಮದರಾಸಿನ ಕಾನೂನು 1899ರಲ್ಲಿಯೇ ಬಂದಿದ್ದಿತು. ದಕ್ಷಿಣ ಕನ್ನಡವು 1956ರ ತನಕ ಮದರಾಸಿಗೆ ಸೇರಿದ ಜಿಲ್ಲೆ. ಆದರೆ ಹೊಳೆ ಉಕ್ಕಿದ ಆ ವಾರದಲ್ಲಿ ಯಾರು ಪಟೇಲರ ಮನೆಗೆ ಹೋಗುವವರು? ನನ್ನ ತಾಯಿಯ ಜನನ ಎಲ್ಲಿಯೂ ದಾಖಲಾಗಲಿಲ್ಲ.

ದಾಖಲೆಯಿಲ್ಲದೆ ಸಾಗುವ ಬಾಳು ಸುಖವೆಂದು ತೋರೀತು. ಅಜ್ಜಿಯ ಪಾಡನ್ನು ಕಂಡವನಿಗೆ ಹಾಗೆ ತೋರದು. ಅಜ್ಜ ಬೆಳ್ತಂಗಡಿಯ ಕಡೆಯ ದೊಡ್ಡ ಮನೆಯವರು. ಅಜ್ಜಿ ನಲವತ್ತು ವರ್ಷ ಅಲ್ಲಿಯೇ ಬಾಳಿದರು. 1961ರಲ್ಲಿ ಅಜ್ಜ ತೀರಿಕೊಂಡರು. ಬೊಜ್ಜ ಮುಗಿದ ಮರುದಿನ ಅಜ್ಜಿ ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆಯೊಂದಿಗೆ ತಾಯಿಮನೆಯ ಅಂಗಳಕ್ಕೆ ಬಂದು ನಿಂತರು. ನನಗೆ ಆಗ ಎಂಟು ವರ್ಷ. “ಇನ್ನು ಅಲ್ಲಿ ನನಗೇನು ಕೆಲಸ ಮಗಾ?” ಎಂದದ್ದು ಈಗಲೂ ಕಿವಿಯಲ್ಲಿದೆ. ಕಟ್ಟು ಹಾಗಿದ್ದಿತು, ಆದರೆ ಕಾನೂನು ಅಷ್ಟರಲ್ಲಿ ಬದಲಾಗಿದ್ದಿತು. 1949ರ ಮದರಾಸು ಅಳಿಯಸಂತಾನ ಕಾನೂನು ಈ ಮದುವೆಗಳಿಗೆ ಮಾನ್ಯತೆ ಕೊಟ್ಟಿದ್ದಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಸತ್ತವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಿಗೂ ಭಾಗವುಂಟೆಂದಿದ್ದಿತು. ಅದನ್ನು ಕೇಳಬೇಕಾದರೆ ಅಜ್ಜನ ಮರಣದ ದಾಖಲೆ ಬೇಕು, ತಾನು ಹೆಂಡತಿಯೆಂಬ ಆಧಾರ ಬೇಕು. ಅಜ್ಜಿಯ ಕೈಯಲ್ಲಿ ಎರಡೂ ಇರಲಿಲ್ಲ. ಕೇಳಬಹುದೆಂಬುದು ನಮ್ಮ ಮನೆಯಲ್ಲಿ ಯಾರಿಗೂ ತೋಚಲಿಲ್ಲ. ಆ ಪೆಟ್ಟಿಗೆ ಇಂದಿಗೂ ನನ್ನ ಅಟ್ಟದ ಮೇಲಿದೆ.

ಆದುದರಿಂದ ಅಳಿಯನ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರದೆ ಹೋದೆ. ಪರಿಚಿತ ವಕೀಲರೊಬ್ಬರ ಮನೆಗೆ ಹೋಗಿ ಎರಡು ಸಂಜೆ ಪುಸ್ತಕ ತಿರುವಿದೆ. ತಿಳಿದದ್ದು ಇಷ್ಟು.

ದೇಶಕ್ಕೆಲ್ಲ ಅನ್ವಯಿಸುವ ಜನನ ಮರಣ ನೋಂದಣಿ ಕಾನೂನು 1969ರದು. ಜನನವಾಗಲಿ ಮರಣವಾಗಲಿ 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯ ಹಿರಿಯರು. ಮಗುವಿಗೆ ಇನ್ನೂ ಹೆಸರಿಟ್ಟಿರದಿದ್ದರೆ ಆ ಸ್ಥಳವನ್ನು ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಬರೆಯಿಸಬಹುದು. 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗದ ತಾಯಿ ಪ್ರಮಾಣಪತ್ರ ಬೇಡಿದಾಗ ತಂದೆ ಯಾರೆಂದು ಆಕೆಯನ್ನು ಕಾಡಬಾರದು, ಆಕೆಯ ಅಫಿಡವಿಟ್ಟೊಂದೇ ಸಾಕು ಎಂದಿತು. 2023ರ ತಿದ್ದುಪಡಿ ಅವಿವಾಹಿತ ತಾಯಿಯನ್ನು ಹೆಸರಿಸಿಯೇ ಸೇರಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಮತದಾರರ ಪಟ್ಟಿಗೂ ಸರಕಾರಿ ನೌಕರಿಗೂ ಹುಟ್ಟಿದ ದಿನದ ಆಧಾರ ಈ ಕಾಗದವೇ. ಭೂತಾಳಪಾಂಡ್ಯನ ಕಟ್ಟು ಸುತ್ತಿ ಬಳಸಿ ದಿಲ್ಲಿಯಿಂದ ಹಿಂದಿರುಗಿ ಬಂದಂತೆ ನನಗೆ ಕಂಡಿತು: ತಾಯಿಯ ಹೆಸರು ಸಾಕು!

ಹಾಗಾದರೆ ಮದುವೆಯಾಗದ ತಂದೆಗೆ ಏನಿದೆ? ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ 1956ರ ಕಾನೂನಿನಲ್ಲಿ ಇಂತಹ ಮಗುವಿಗೆ ಮೊದಲು ತಾಯಿ ಪಾಲಕಳು, ಆಕೆಯ ತರುವಾಯ ತಂದೆ. ನೋಂದಣಿಯ ವಿಷಯದಲ್ಲಿ 1886ರ ಹಳೆಯ ಕಾನೂನು, ತಾಯಿಯೂ ತಾನೇ ತಂದೆಯೆಂದು ಒಪ್ಪಿದವನೂ ಇಬ್ಬರೂ ಕೇಳಿಕೊಂಡ ಹೊರತು ಅವನ ಹೆಸರನ್ನು ಬರೆಯಕೂಡದು ಎಂದಿದ್ದಿತು. ಇಂಗ್ಲೆಂಡಿನಲ್ಲಿಯೂ 1874ರಿಂದ ಇದೇ ಜಾಡು; ಅಲ್ಲಿ 2003ರ ಡಿಸೆಂಬರಿನಿಂದ, ತಾಯಿಯೊಡನೆ ಕೂಡಿ ಹೆಸರು ಬರೆಯಿಸಿದವನಿಗೆ ತಂದೆಯ ಅಧಿಕಾರವೂ ಹೊಣೆಯೂ ಒಟ್ಟಿಗೆ ಬರುತ್ತವೆ. ಹೊಣೆಯ ಮಾತೋ, ನಮ್ಮಲ್ಲಿ ಅದಕ್ಕೆ ಯಾವ ಸಹಿಯೂ ಬೇಡ. ವಿವಾಹವಾಗಿರಲಿ ಇಲ್ಲದಿರಲಿ, ಶಕ್ತನಾದ ತಂದೆ ತನ್ನ ಮಗುವಿಗೆ ಜೀವನಾಂಶ ಕೊಡಬೇಕೆಂದು ದಂಡಪ್ರಕ್ರಿಯೆಯ ಹಳೆಯ ಸಂಹಿತೆಯಲ್ಲಿಯೂ ಇದ್ದಿತು, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಇದೆ.

“ನೋಡು, ನೀನು ಹಕ್ಕನ್ನು ಹುಡುಕಿಸಿದೆ. ನನಗೆ ಮೊದಲು ಸಿಕ್ಕಿದ್ದು ಸಾಲ,” ಎಂದೆ. “ಕಚೇರಿಗೆ ಅರ್ಜಿ ಆಮೇಲೆ. ಮೊದಲು ಬೆಳ್ತಂಗಡಿಗೆ ನಡೆ. ನಾನೂ ಬರುತ್ತೇನೆ.”

ಮರುದಿನ ಬೆಳಿಗ್ಗೆ ವೇಣೂರಿನ ದಾರಿಯಾಗಿ ಹೊರಟೆವು. ಆ ಮನೆಯ ಬಾಗಿಲಿನಲ್ಲಿ ನಮ್ಮನ್ನು ಕಂಡು ಆಕೆಯ ತಾಯಿಯ ಮುಖ ಕಪ್ಪಿಟ್ಟಿತು. ಆದರೂ ಬಂದವರಿಗೆ ನೀರು ಬೆಲ್ಲ ಕೊಡುವುದನ್ನು ಅವರು ಮರೆಯಲಿಲ್ಲ. ಮಗು ಚಾಪೆಯ ಮೇಲೆ ಅಂಬೆಗಾಲಿಡುತ್ತಿದ್ದಿತು. ಅಳಿಯ ಕಲಿತು ಬಂದ ಮಾತುಗಳನ್ನೆಲ್ಲ ಮರೆತು ಗೋಡೆಗೊರಗಿ ನಿಂತ. ನಾನೇ ಸಂಗತಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅಜ್ಜಿಯ ಪೆಟ್ಟಿಗೆಯ ಕಥೆಯನ್ನೂ ಹೇಳಿಬಿಟ್ಟೆ.

ಆಕೆ ಎಲ್ಲವನ್ನೂ ಕೇಳಿ, ಸಮಾಧಾನದಿಂದಲೇ ಉತ್ತರ ಕೊಟ್ಟಳು: “ಮಾಸ್ಟ್ರೇ, ನನ್ನ ಹೆಸರೊಂದೇ ಸಾಕೆಂದು ಕಾನೂನು ಹೇಳುತ್ತದೆ. ನನಗೂ ಸಾಕು. ಆದರೆ ನಾಳೆ ಇವಳು ಕೇಳಿದರೆ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ಇವರ ಹೆಸರು ಬರೆಯಿಸಲು ನಾನು ಒಲ್ಲೆನೆನ್ನುವುದಿಲ್ಲ. ಒಂದು ವರ್ಷ ಇವರು ಬಂದು ಹೋಗಲಿ. ಮಗುವಿಗೆ ಜ್ವರ ಬಂದ ರಾತ್ರಿ ಒಮ್ಮೆಯಾದರೂ ಎದ್ದು ಕುಳಿತಿರಲಿ. ಆಮೇಲೆ ಜೊತೆಗೆ ಹೋಗಿ ಸಹಿ ಹಾಕೋಣ.”

ಅಳಿಯ ತಲೆದೂಗಿದ. ಹಿಂದಿರುಗುವಾಗ ಗುರುವಾಯನಕೆರೆಯವರೆಗೂ ಒಂದು ಮಾತನ್ನೂ ಆಡಲಿಲ್ಲ. ಆಮೇಲೆ, “ಮಾವ, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ,” ಎಂದ.

ಮಗುವಿಗೆ ವರ್ಷ ತುಂಬುವ ಮೊದಲು ಹೆಸರು ದಾಖಲಾಯಿತು. ಯಾವ ಹೆಸರೆಂದು ಕೇಳುವಿರೇನೋ. ಆಕೆಯೇ ದೂರವಾಣಿಯಲ್ಲಿ, “ನಿಮ್ಮ ಅಜ್ಜಿಯ ಹೆಸರೇನು ಮಾಸ್ಟ್ರೇ?” ಎಂದು ವಿಚಾರಿಸಿದ್ದಳು. ಯಾವ ರಿಜಿಸ್ಟರಿನಲ್ಲಿಯೂ ಕಾಣದೆ ಹೋದ ಆ ಹೆಸರು ಈಗ ಸರಕಾರದ ಮೊಹರಿನ ಕೆಳಗೆ ಅಚ್ಚಾಗಿ ಕುಳಿತಿದೆ. ನಕಲೊಂದನ್ನು ಆ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ತಂದೆಯ ಹೆಸರಿನ ಸ್ಥಳ ಮಾತ್ರ ಇನ್ನೂ ಖಾಲಿಯಾಗಿಯೇ ಇದೆ. ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿಯ ಬಸ್ಸು ಹಿಡಿದು ಹುಡುಗ ಬೆಳ್ತಂಗಡಿಗೆ ಬಂದಿಳಿಯುತ್ತಾನೆ. ಉತ್ತರ ಕಲಿಯುತ್ತಿರುವ ವಿದ್ಯಾರ್ಥಿಯ ಕಿವಿ ಹಿಂಡುವುದು ಮೇಷ್ಟರಿಗೆ ಶೋಭಿಸದು; ಸುಮ್ಮನೆ ಕಾಯುತ್ತಿದ್ದೇನೆ.