ಗೌರಿಬಿದನೂರಿನ ಕಿವಿಗಳು

ನಮ್ಮಲ್ಲಿ ಯಾತ್ರೆಯೆಂದರೆ ದರ್ಶನವೆಂದೇ ಅರ್ಥ. ದೇವರ ದರ್ಶನ, ಗೋಪುರದ ದರ್ಶನ, ಜಲಪಾತದ ದರ್ಶನ, ಎಲ್ಲವೂ ಕಣ್ಣಿನ ಹಬ್ಬವೇ. ಕೇಳುವುದಕ್ಕಾಗಿಯೇ ಒಂದು ಊರಿಗೆ ಹೋಗಿಬಂದೆನೆಂದರೆ ವಾಚಕ ಮಹಾಶಯರು ನಗಬಹುದು. ಹೋದವನು ಅರೆಗಿವುಡನೆಂದು ತಿಳಿದರೆ ಇನ್ನಷ್ಟು ನಗಬಹುದು. ಆದರೂ ನಡೆದುದನ್ನು ನಡೆದಂತೆ ಬರೆಯುತ್ತೇನೆ.

ಮೂವತ್ತು ವರ್ಷಗಳಿಗೂ ಮೇಲೆ ನಾನು ಸಂಸ್ಕೃತವನ್ನು ಬೋಧಿಸಿದವನು. ತಾಲವ್ಯ ಶಕಾರವೂ ದಂತ್ಯ ಸಕಾರವೂ ಹುಡುಗರ ಬಾಯಲ್ಲಿ ಬೆರೆತುಹೋದರೆ ನನಗೆ ಸೈರಣೆಯಿರಲಿಲ್ಲ. “ಸಕಲವೆಂದರೆ ಸಮಸ್ತ, ಶಕಲವೆಂದರೆ ಚೂರು. ನಾಲಗೆ ಒಂದು ಕೂದಲೆಳೆಯಷ್ಟು ಜಾರಿದರೆ ಜಗತ್ತೇ ಒಡೆದು ಚೂರಾಗುತ್ತದೆ” ಎಂದು ಗದರುತ್ತಿದ್ದೆ. ಕಳೆದ ವರ್ಷ ಮೊಮ್ಮಗಳು ಪಾಠ ಒಪ್ಪಿಸಲು ಕುಳಿತಾಗ ಅವಳು ಹೇಳಿದ ‘ಸಕಲ’ವನ್ನು ತಪ್ಪೆಂದು ಮೂರು ಸಲ ತಿದ್ದಿದೆ. ಮಗುವಿನ ಕಣ್ಣಿನಲ್ಲಿ ನೀರು ತುಂಬಿತು. ಅಡಿಗೆಮನೆಯಿಂದ ನನ್ನಾಕೆ ಬಂದು, “ತಪ್ಪು ಅವಳ ನಾಲಗೆಯಲ್ಲಿಲ್ಲ, ನಿಮ್ಮ ಕಿವಿಯಲ್ಲಿದೆ” ಎಂದಳು.

ಪರೀಕ್ಷೆ ಮಾಡಿದ ವೈದ್ಯರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಎಳೆಯ ಕಿವಿಯು ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದು. ವಯಸ್ಸಾದಂತೆ ಮೇಲಿನ ತುದಿಯು ಮೊದಲು ಸವೆಯುತ್ತದೆ. ಸ್ವರಗಳ ಬಲವು ಬಹುಪಾಲು ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಕೇಳುತ್ತಲೇ ಇರುತ್ತವೆ. ಶ, ಷ, ಸಗಳೋ ಮೇಲಿನ ಕಂಪನಗಳನ್ನು ಆಶ್ರಯಿಸಿದವು, ಅವೇ ಮೊದಲು ಮಾಯವಾಗುತ್ತವೆ. ವೈದ್ಯರು ಎರಡು ಶ್ರವಣಯಂತ್ರಗಳನ್ನು ಕೊಟ್ಟರು. ನಾನು ಬಲಗಿವಿಗೆ ಒಂದನ್ನಿಟ್ಟುಕೊಂಡು, ಇನ್ನೊಂದನ್ನು ಡಬ್ಬಿಯಲ್ಲಿಯೇ ಉಳಿಸಿದೆ. ಎರಡನ್ನೂ ಧರಿಸಿದರೆ ಕಿವುಡನೆಂದು ಊರಿಗೆಲ್ಲ ಸಾರಿದಂತಾಗುವುದೆಂಬ ಸಂಕೋಚ. ಅದರ ಫಲವನ್ನು ಬೇಗನೆ ಉಂಡೆ. ಒಂದು ಸಂಜೆ ರಸ್ತೆಯಲ್ಲಿ ಹಾರನ್ನಿನ ಸದ್ದು ಕೇಳಿ ಬಲಕ್ಕೆ ನೋಡಿದೆ. ಆಟೋ ಬಂದುದು ಎಡದಿಂದ. ಮೊಮ್ಮಗಳು ಕೈಹಿಡಿದು ಎಳೆಯದಿದ್ದರೆ ಈ ಲೇಖನವಿರುತ್ತಿರಲಿಲ್ಲ.

ಇದನ್ನು ಕೇಳಿದ ನನ್ನ ಸೋದರಳಿಯನು, “ಮಾವ, ನಿಮಗೆ ದೊಡ್ಡ ಕಿವಿಗಳನ್ನು ತೋರಿಸುತ್ತೇನೆ, ಬನ್ನಿ” ಎಂದು, ಮೊದಲೇ ಅನುಮತಿ ಪಡೆದು, ಒಂದು ಬೆಳಗ್ಗೆ ಗೌರಿಬಿದನೂರಿಗೆ ಕರೆದುಕೊಂಡು ಹೊರಟನು. ಯಲಹಂಕ, ದೊಡ್ಡಬಳ್ಳಾಪುರಗಳನ್ನು ದಾಟಿದ ರೈಲು ಮಾಕಳಿದುರ್ಗದ ಬುಡದಲ್ಲಿ ಬಳಸಿಕೊಂಡು ಸಾಗುತ್ತದೆ. ಅಲ್ಲಿಂದ ಮುಂದೆ ಎತ್ತ ನೋಡಿದರೂ ಬೋಳುಬಂಡೆಯ ಗುಡ್ಡಗಳು, ನಡುನಡುವೆ ಹೊಲಗಳು. ಗೌರಿಬಿದನೂರು ಉತ್ತರ ಪಿನಾಕಿನಿಯ ದಡದ ಊರು. 1938ರ ಏಪ್ರಿಲಿನಲ್ಲಿ ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥವು ಇಲ್ಲಿಗೆ ಸಮೀಪ.

ರೇಡಿಯೋ ವೀಕ್ಷಣಾಲಯವು ಊರ ಹೊರಗಿನ ಬಯಲಿನಲ್ಲಿದೆ. ಗುಮ್ಮಟವನ್ನೋ ಮಹಾ ದೂರದರ್ಶಕವನ್ನೋ ನಿರೀಕ್ಷಿಸಿದ್ದ ನನಗೆ ಕಂಡುದು ಕಂಬಗಳ ಸಾಲು ಮಾತ್ರ. ಮೀನಿನ ಬೆನ್ನುಮೂಳೆಯಂತೆ ಅಡ್ಡಕಡ್ಡಿಗಳನ್ನು ಹೊತ್ತ ಲೋಹದ ಕಂಬಗಳು. ನಮ್ಮನ್ನು ಎದುರುಗೊಂಡ ತರುಣ ವಿಜ್ಞಾನಿಯು ಸ್ಥಳದ ಚರಿತ್ರೆಯನ್ನು ವಿವರಿಸಿದನು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಇಲ್ಲಿ 1,000 ಗ್ರಾಹಕಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟವು. ಅದರ ಪೂರ್ವಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರು. ಸೆಕೆಂಡಿಗೆ 3 ಕೋಟಿ 45 ಲಕ್ಷ ಸಲ ಕಂಪಿಸುವ ಅಲೆಗಳನ್ನು ಹಿಡಿದು, ಅದರಿಂದ ಆಕಾಶದ ಬಹುಭಾಗದ ನಕ್ಷೆಯನ್ನೇ ಬರೆದರು. 1997ರಿಂದ ಸೂರ್ಯನಿಗಾಗಿಯೇ ಮತ್ತೊಂದು ಸಾಲನ್ನು ನಿಲ್ಲಿಸಿದ್ದಾರೆ. ಸೂರ್ಯನ ಪ್ರಭಾಮಂಡಲವನ್ನು ಬರಿಗಣ್ಣಿಗೆ ತೋರಿಸುವುದು ಖಗ್ರಾಸ ಗ್ರಹಣವೊಂದೇ, ಅದೂ ಕೆಲವು ನಿಮಿಷ. ಈ ಕಂಬಗಳಿಗಾದರೋ ಗ್ರಹಣ ಬೇಕಿಲ್ಲ. ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುವ ಆ ಮಂಡಲವು ಹೊರಸೂಸುವ ರೇಡಿಯೋ ಅಲೆಗಳನ್ನು ಅವು ಹಗಲಿನಲ್ಲಿಯೇ ಗ್ರಹಿಸುತ್ತವೆ.

“ಹಾಗಾದರೆ ಇದು ಸೂರ್ಯನ ನಾದ” ಎಂದೆ. ಆಕಾಶದ ಗುಣ ಶಬ್ದವೆಂದು ತರ್ಕಸಂಗ್ರಹದಲ್ಲಿ ಓದಿದವನು ನಾನು. ತರುಣನು ವಿನಯದಿಂದಲೇ ತಿದ್ದಿದನು: “ಶಬ್ದವಲ್ಲ, ಮೇಷ್ಟ್ರೇ. ಇದು ಬೆಳಕಿನ ಜಾತಿಯ ಅಲೆ. ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಯಂತ್ರವು ಇದನ್ನು ಗೆರೆಯಾಗಿಯೋ ಚಿತ್ರವಾಗಿಯೋ ಸದ್ದಾಗಿಯೋ ನಮ್ಮ ಇಂದ್ರಿಯಗಳಿಗೆ ಭಾಷಾಂತರಿಸಿ ಕೊಡುತ್ತದೆ.” ಭಾಷಾಂತರವೆಂಬ ಮಾತು ನನಗೆ ಹಿಡಿಸಿತು.

ಈ ವಿದ್ಯೆ ಹುಟ್ಟಿದ ಬಗೆಯನ್ನೂ ಅವನೇ ತಿಳಿಸಿದನು. ಅಮೆರಿಕದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರನು 1930ರ ದಶಕದ ಆರಂಭದಲ್ಲಿ, ಸಮುದ್ರದಾಚೆಗಿನ ರೇಡಿಯೋ ಸಂಭಾಷಣೆಗೆ ಅಡ್ಡಬರುವ ಕರಕರ ಸದ್ದಿನ ಮೂಲವನ್ನು ಹುಡುಕುತ್ತಿದ್ದನು. ಗುಡುಗಿನ ಸದ್ದನ್ನು ಕಳೆದ ಮೇಲೂ ಒಂದು ಸದ್ದು ಉಳಿಯಿತು. ಅದು 24 ಗಂಟೆಗಳಿಗೊಮ್ಮೆ ಹೆಚ್ಚಿದ್ದರೆ ಸೂರ್ಯನದೆನ್ನಬಹುದಾಗಿತ್ತು. ಹೆಚ್ಚುತ್ತಿದ್ದುದು 23 ಗಂಟೆ 56 ನಿಮಿಷಗಳಿಗೊಮ್ಮೆ. ಪಂಚಾಂಗ ಬಲ್ಲವರಿಗೆ ಬಿಡಿಸಿ ಹೇಳಬೇಕೆ? ಅದು ನಾಕ್ಷತ್ರ ದಿನ! ಸದ್ದು ಬರುತ್ತಿದ್ದುದು ಧನೂರಾಶಿಯ ದಿಕ್ಕಿನಿಂದ, ನಮ್ಮ ಆಕಾಶಗಂಗೆಯ ನಡುವಿನಿಂದ.

“ಒಂದೇ ದೊಡ್ಡ ಕಂಬ ಸಾಲದೆ? ಇಷ್ಟೊಂದು ಏಕೆ?” ಎಂದು ಕೇಳಿದೆ. ಆ ತರುಣನು ನನ್ನ ಬಲಗಿವಿಯತ್ತ ನೋಡಿದನೋ ಇಲ್ಲವೋ, ನನಗೆ ಹಾಗೆ ತೋರಿತು. “ಒಂದೇ ಕಂಬಕ್ಕೆ ಅಲೆ ಬಂದಿತೆಂದು ತಿಳಿಯುತ್ತದೆ, ಎಲ್ಲಿಂದ ಬಂದಿತೆಂದು ಚೆನ್ನಾಗಿ ತಿಳಿಯುವುದಿಲ್ಲ. ಒಂದೇ ಅಲೆಯು ಬೇರೆ ಬೇರೆ ಕಂಬಗಳನ್ನು ಮುಟ್ಟುವ ಕಾಲದಲ್ಲಿ ತುಸು ಅಂತರವಿರುತ್ತದೆ. ಆ ಅಂತರದಿಂದಲೇ ದಿಕ್ಕು ಗೊತ್ತಾಗುವುದು. ನಮ್ಮ ಎರಡು ಕಿವಿಗಳ ಕೆಲಸವೂ ಇದೇ. ಎಡದ ಸದ್ದು ಎಡಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲದಷ್ಟು ಮೊದಲು ತಲಪುತ್ತದೆ. ಮೆದುಳು ಅಷ್ಟನ್ನೇ ಎಣಿಸಿಬಿಡುತ್ತದೆ.”

ಭೂಮಿಯನ್ನು ಆಲಿಸುವವರ ರೀತಿಯೂ ಇದೇ ಎಂದು ಸೋದರಳಿಯನು ಸೇರಿಸಿದನು. ಇದೇ ಗೌರಿಬಿದನೂರಿನ ಸುತ್ತಿನ ಗಟ್ಟಿಬಂಡೆಯ ನೆಲದಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲೊಂದಿದೆ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಮೈಲಿಗಟ್ಟಲೆ ಹರಡಿರುವ 20 ಉಪಕರಣಗಳು. ದೂರದೇಶದಲ್ಲಿ ನೆಲ ನಡುಗಿದರೂ, ನೆಲದೊಳಗೆ ಅಣುಬಾಂಬು ಸಿಡಿದರೂ, ಅದರ ಅಲೆಯು ಒಂದೊಂದು ಉಪಕರಣವನ್ನು ಮುಟ್ಟಿದ ಹೊತ್ತಿನ ಅಂತರದಿಂದ ಅದು ಬಂದ ದಿಕ್ಕನ್ನು ಗುಣಿಸುತ್ತಾರೆ.

ನಾನು ಮೌನವಾಗಿ ಬಯಲಿನಲ್ಲಿ ನಿಂತೆ. ಸೂರ್ಯನನ್ನು ಅರಿಯಹೊರಟ ವಿದ್ವಾಂಸರು ಒಂದು ಕಂಬ ಸಾಲದೆಂದು ನೂರಾರನ್ನು ನೆಟ್ಟಿದ್ದಾರೆ. ಅದರಲ್ಲಿ ಅವರಿಗೆ ನಾಚಿಕೆಯೇನೂ ಇಲ್ಲ. ನನಗೋ ಮನೆಯ ಮಗುವಿನ ಮಾತನ್ನು ಕೇಳಲು ಎರಡನೆಯ ಯಂತ್ರವನ್ನು ಧರಿಸಲು ನಾಚಿಕೆ! ಇಂದ್ರಿಯಗಳು ಹುಟ್ಟಿನಿಂದಲೇ ಅಲ್ಪಶಕ್ತಿಯವು. ಎಳೆಯ ಕಿವಿಗೂ ಕಣ್ಣಿಗೂ ದೊರಕುವುದು ಶಕಲವೇ, ಸಕಲವಲ್ಲ. ಆ ಚೂರನ್ನು ಸ್ವಲ್ಪ ದೊಡ್ಡದು ಮಾಡಿಕೊಳ್ಳುವುದು ಅವಮಾನವೆಂದು ನನಗೆ ಯಾರು ಕಲಿಸಿದ್ದರು?

ಹಿಂದಿರುಗುವಾಗ ಗೌರಿಬಿದನೂರಿನ ನಿಲ್ದಾಣದಲ್ಲಿ, ಜೇಬಿನಲ್ಲಿದ್ದ ಡಬ್ಬಿಯನ್ನು ತೆರೆದು ಎಡಗಿವಿಗೂ ಯಂತ್ರವನ್ನಿಟ್ಟುಕೊಂಡೆ. ಮೊದಲು ಎಲ್ಲವೂ ಗದ್ದಲವೆನಿಸಿತು. ಸ್ವಲ್ಪ ಹೊತ್ತಿಗೆ ರೈಲಿನ ಸೀಟಿ ಕೇಳಿಸಿತು. ಯಾರನ್ನೂ ಕೇಳದೆ ಎಡಕ್ಕೆ ತಿರುಗಿದೆ. ರೈಲು ಎಡದಿಂದಲೇ ಬರುತ್ತಿತ್ತು.

ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು ಹಳೆಯ ಪಾಠವನ್ನೇ ಒಪ್ಪಿಸಲು ಹೇಳಿದೆ. ಸಕಾರವು ಮೊದಲಿನಷ್ಟು ಹರಿತವಾಗಿ ಕೇಳಲಿಲ್ಲ. ಯಂತ್ರವು ಯೌವನವನ್ನು ಕೊಡಲಾರದು. ಆದರೂ ಶಕಾರದಿಂದ ಅದನ್ನು ಬೇರ್ಪಡಿಸುವಷ್ಟು ಕೇಳಿತು. “ತಾತ, ಸರಿಯೇ?” ಎಂದು ಮಗು ಅಂಜುತ್ತ ಕೇಳಿದಳು. “ಸರಿ ಮಗು, ಅಂದೂ ಸರಿಯಾಗಿತ್ತು” ಎಂದೆ.