ಆರು ರೊಟ್ಟಿ, ಹತ್ತು ಮಂದಿ

ಹತ್ತು ಮಂದಿ ಕೂಲಿಗಳು ಆರು ರೊಟ್ಟಿಗಳ ಮುಂದೆ ಕುಳಿತಿದ್ದಾರೆ. ಒಬ್ಬೊಬ್ಬನಿಗೆ ಎಷ್ಟು? ಶಾಲೆಯ ಹುಡುಗನನ್ನು ಕೇಳಿದರೆ ‘ಐದರಲ್ಲಿ ಮೂರು ಪಾಲು’ ಎಂದು ಥಟ್ಟನೆ ಹೇಳಿ ಆಟಕ್ಕೆ ಓಡುತ್ತಾನೆ. ಲೆಕ್ಕವೇನೋ ಸರಿ, ಚಾಕು ಹಿಡಿದು ಕುಳಿತವನ ಕಷ್ಟ ಅವನಿಗೇನು ಗೊತ್ತು? ಪ್ರತಿಯೊಂದು ರೊಟ್ಟಿಯಿಂದಲೂ ಮೂರು ಪಾಲಿನಷ್ಟು ಕೊಯ್ದು ಆರು ಮಂದಿಗೆ ಕೊಟ್ಟರೆ, ಮಿಕ್ಕ ನಾಲ್ವರಿಗೆ ದಕ್ಕುವುದು ಕೂಡಿಸಿದ ಚೂರುಗಳು. ತೂಕ ಒಂದೇ ಆದರೂ ಹಸಿದವನ ಕಣ್ಣು ತೂಕವನ್ನು ನೋಡುವುದಿಲ್ಲ. ಹಬ್ಬದ ದಿನ ಮಕ್ಕಳಿಗೆ ಹೋಳಿಗೆ ಹಂಚಿದ ಯಾವ ಗೃಹಿಣಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಜಿಪ್ಟಿನ ಲಿಪಿಕಾರ ಆಹ್ಮೋಸನ ಸುರುಳಿಯಲ್ಲಿರುವ ಉತ್ತರವೇ ಬೇರೆ: ಒಬ್ಬೊಬ್ಬನಿಗೂ ಅರ್ಧ, ಅದರ ಜೊತೆಗೆ ಹತ್ತರಲ್ಲೊಂದು. ಐದು ರೊಟ್ಟಿಗಳನ್ನು ಇಬ್ಭಾಗ ಮಾಡಿ ಆರನೆಯದನ್ನು ಹತ್ತು ತುಂಡು ಮಾಡಿದರಾಯಿತು. ಹತ್ತು ಕೈಗಳಲ್ಲಿಯೂ ಅದೇ ಅರ್ಧ, ಅದೇ ಚೂರು. ಯಾರೂ ಪಕ್ಕದವನ ಕೈಯನ್ನು ಇಣುಕಿ ನೋಡಬೇಕಾಗಿಲ್ಲ.

ಸುಮಾರು ಕ್ರಿ. ಪೂ. 1550ರಲ್ಲಿ ಆಹ್ಮೋಸನು ಹಳೆಯ ಗ್ರಂಥವೊಂದನ್ನು ನೋಡಿ ಬರೆದ ಪ್ರತಿ ಇದು. 1858ರಲ್ಲಿ ರಿಂಡ್ ಎಂಬ ಸ್ಕಾಟ್ಲೆಂಡಿನವನು ಇದನ್ನು ಲಕ್ಸರಿನಲ್ಲಿ ಕೊಂಡ. ಇದರ ಬಹುಭಾಗ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆ ಜನರ ಭಿನ್ನರಾಶಿಗಳಲ್ಲಿ ಅಂಶವೆಂಬುದು ಯಾವಾಗಲೂ ಒಂದೇ. ಚಿತ್ರಲಿಪಿಯಲ್ಲಿ ಅಂಕಿಯ ಮೇಲೊಂದು ಬಾಯಿಯ ಆಕಾರ ಬರೆದರೆ ಭಿನ್ನವಾಯಿತು! ಮೂರರಲ್ಲೆರಡಕ್ಕೆ ಮಾತ್ರ ವಿನಾಯಿತಿಯುಂಟು. ಐದರಲ್ಲಿ ಎರಡು ಪಾಲು ಬೇಕಾದರೆ ‘ಐದರಲ್ಲೊಂದು’ ಎಂದು ಎರಡು ಸಲ ಬರೆಯುವಂತಿಲ್ಲ. ಮೂರರಲ್ಲೊಂದು ಮತ್ತು ಹದಿನೈದರಲ್ಲೊಂದು ಎನ್ನಬೇಕು. ಇಂಥ ವಿಂಗಡಣೆಗಳ ಪಟ್ಟಿಯೊಂದು, ಮೂರರಿಂದ ನೂರ ಒಂದರವರೆಗಿನ ಬೆಸಸಂಖ್ಯೆಗಳಿಗೆ, ಆ ಸುರುಳಿಯ ಆರಂಭದಲ್ಲಿಯೇ ಇದೆ.

ಕನ್ನಡಿಗರಿಗೂ ಈ ಆಟ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಪೂರ್ಣವಾದ ಒಂದನ್ನು ಬೇಕಾದಷ್ಟು ಇಂಥ ಭಿನ್ನಗಳಾಗಿ ಒಡೆಯುವ ಕ್ರಮವನ್ನು ಹೇಳಿದ್ದಾನೆ. ಎರಡು, ಮೂರು, ಒಂಬತ್ತು, ಹದಿನೆಂಟರಲ್ಲಿ ಒಂದೊಂದು ಪಾಲನ್ನು ಕೂಡಿಸಿದರೆ ಒಂದಾಗುವುದನ್ನು ಮನೆಯ ಮಕ್ಕಳು ಸ್ಲೇಟಿನ ಮೇಲೆ ಪರೀಕ್ಷಿಸಬಹುದು.

ಆದರೆ ಸುರುಳಿಯ ಲೋಕದಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಹಿಗ್ಗಬೇಕಾಗಿಲ್ಲ. ಅರವತ್ತೈದನೆಯ ಲೆಕ್ಕದಲ್ಲಿ ನೂರು ರೊಟ್ಟಿಗಳು, ಹತ್ತು ಮಂದಿ. ಅವರಲ್ಲಿ ಅಂಬಿಗ, ಮೇಸ್ತ್ರಿ, ಬಾಗಿಲು ಕಾಯುವವ ಈ ಮೂವರಿಗೆ ಇಮ್ಮಡಿ ಪಾಲು. ಹೀಗೇಕೆಂದು ಲಿಪಿಕಾರ ಕೇಳುವುದಿಲ್ಲ. ನೂರನ್ನು ಹದಿಮೂರರಿಂದ ಭಾಗಿಸುತ್ತಾನೆ. ಉಳಿದ ಏಳು ಮಂದಿಗೆ ತಲೆಗೆ ಏಳು ರೊಟ್ಟಿ, ಮೂರರಲ್ಲೆರಡು, ಮೇಲೆ ಮೂವತ್ತೊಂಬತ್ತರಲ್ಲೊಂದು. ಆ ಕಡೆಯ ತುಣುಕು ಒಂದು ತುತ್ತಿಗೂ ಸಾಲದೇನೋ! ಆದರೂ ಅದನ್ನು ಲೆಕ್ಕದಿಂದ ಬಿಟ್ಟಿಲ್ಲ.